ಎರಡು ದಿನಕ್ಕೆ ಕಲಬುರಗಿಗೆ ಹೊಂಟೀರಾ? ಬೇಳೆ, ಜೋಳ, ಬ್ಯಾಂಕು, ಗಾಣಗಾಪುರ ಹೀಗೆ ಮುಗಿಸಿ

ನೌಕರಿ ಬೆಂಗಳೂರಿನಲ್ಲಿ, ಅವ್ವ-ಅಪ್ಪ ಕಲಬುರಗಿಯಲ್ಲಿ. ಇಂಥವರು ನನ್ನನ್ನು ಕೇಳುವುದು ತಿರುಗಾಮುರುಗಾ ಮೂರೇ ಪ್ರಶ್ನೆ. "ಚಲೋ ಬೇಳಿ ಎಲ್ಲಿ ಸಿಗ್ತದ?" "ಊರಿಂದ ತಂದ ಬೇಳಿ ಇಲ್ಲಿ ಯಾಕ ಬೇಯಂಗಿಲ್ಲ?" "ಎರಡ ದಿನದಾಗ ಇಷ್ಟೆಲ್ಲಾ ಹೆಂಗ ಮುಗಸ್ತೀರಿ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಯಿತು. ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಯಾದಗಿರಿ, ಬೀದರಿನವರಿಗೂ ಬಹುಪಾಲು ಇದೇ ಲೆಕ್ಕ. ಗಂಜ್ (ಕಾಳುಕಡಿಯ ಸಗಟು ಪೇಟೆ) ಮತ್ತು ಗುಡಿಯ ಹೆಸರು ಬದಲಾಗುತ್ತದೆ, ಅಷ್ಟೇ.

ಎರಡು ದಿನ ಸಾಲದೆ ಹೋಗುವುದು ಕೆಲಸ ಹೆಚ್ಚಿರುವುದರಿಂದಲ್ಲ, ಅದನ್ನು ಹಿಂದುಮುಂದಾಗಿ ಮಾಡುವುದರಿಂದ. ಶನಿವಾರ ಬೆಳಗ್ಗೆ ಗುಡಿ, ಮಧ್ಯಾಹ್ನ ಊಟ, ನಿದ್ದೆ, ಸಂಜೆ ಬಜಾರು ಎಂದು ಹೊರಟರೆ ಬ್ಯಾಂಕೂ ಇಲ್ಲ, ಬೇಳೆ ಒಣಗಿಸಲು ಬಿಸಿಲೂ ಇಲ್ಲ. ನಾನು ಇಟ್ಟುಕೊಂಡಿರುವ ಸರದಿ ಇದು: ಶನಿವಾರ ಬೆಳಗ್ಗೆ ಕಾಗದಪತ್ರ ಮತ್ತು ಗಂಜ್, ಮಧ್ಯಾಹ್ನ ಬಿಸಿಲಿನ ಕೆಲಸ, ಸಂಜೆ ನೆಂಟರು, ಭಾನುವಾರ ನಸುಕಿಗೆ ತಿರುಗಾಟ, ಸಂಜೆ ಗಂಟು ಕಟ್ಟುವುದು.

1. ಹೊರಡುವ ಮೊದಲೇ ಮಾಡಬೇಕಾದ್ದು

ರೈಲಿನ ಮುಂಗಡ ಬುಕಿಂಗ್ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 120 ದಿನ ಇತ್ತು. ಹಳೆಯ ಲೆಕ್ಕದಲ್ಲೇ ಕುಳಿತವರು ಇಂದಿಗೂ ಇದ್ದಾರೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗ್ಗೆ ಕಲಬುರಗಿಗೆ ಇಳಿಸುವ ಗಾಡಿಗಳೇ ನಮ್ಮಂಥವರಿಗೆ ಸರಿ. ಉದ್ಯಾನ್, ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ಈ ಜಾತಿಯವು. ಯಾದಗಿರಿಯವರಿಗೂ ಇವೇ. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಚಲೋ ಗಾಡಿ, ಆದರೆ ಹಗಲು ಗಾಡಿ. ಭಾನುವಾರ ಅದರಲ್ಲಿ ವಾಪಸಾದರೆ ನಿಮ್ಮ ಎರಡು ದಿನ ಒಂದೇ ದಿನವಾಗುತ್ತದೆ.

ಟಿಕೆಟ್ ತೆಗೆಯುವಾಗ ಕ್ಯಾಲೆಂಡರಿನಲ್ಲಿ ಎರಡು ವಿಷಯ ನೋಡಿ. ಒಂದು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. 2015ರ ಸೆಪ್ಟೆಂಬರಿನಿಂದ ಇದು ಹೀಗೇ ಇದೆ, ಆದರೂ ನಾನೇ ಎರಡು ಸಲ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಶಟರ್ ನೋಡಿ ಬಂದಿದ್ದೇನೆ. ಎರಡು, ಅಮಾವಾಸ್ಯೆ. ಆ ದಿನ ಕೆಲವು ಅಡತಿ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ, ತೆರೆದರೂ ಚೀಲ ಎತ್ತಲು ಹಮಾಲರು ಸಿಗುವುದು ಕಷ್ಟ. ಅಡತಿ ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ.

ಮೂರನೆಯ ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಿದವರು ಬಿಡುವುದಿಲ್ಲ. ಬರುವ ವಾರಕ್ಕಿಂತ ಮುಂಚೆಯೇ ಮನೆಯವರಿಗೆ ಹೇಳಿ ಎರಡು ಮೂರು ಅಂಗಡಿಗಳಿಂದ ಕಾಲು ಕಾಲು ಕಿಲೋ ಬೇಳೆ ನಮೂನೆ ತರಿಸಿಡಿ. ಬೇರೆ ಬೇರೆ ದಿನ ಕುಕ್ಕರಿಗೆ ಹಾಕಿ, ಯಾವುದು ಬೇಗ ಬೆಂದಿತು, ಯಾವುದು ರುಚಿ ಎಂದು ಅವ್ವನೇ ಹೇಳಲಿ. ಅಂಗಡಿಯಲ್ಲಿ ನಿಂತು ಕಣ್ಣಿನಿಂದ ಮಾತ್ರ ಬೇಳೆ ಆರಿಸುವವರು ಪಾಲಿಶಿಗೆ ಮರುಳಾಗುವುದೇ ಹೆಚ್ಚು.

2. ಶನಿವಾರ ಬೆಳಗ್ಗೆ: ಕಾಗದಪತ್ರ

ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಸುಸಲಾ-ಮಿರ್ಚಿ ತಿನ್ನಿ ಅಥವಾ ಕಟ್ಟಿಸಿಕೊಳ್ಳಿ. ಮನೆಗೆ ಹೋಗಿ ನಾಷ್ಟಾಕ್ಕೆ ಕಾಯುತ್ತಾ ಕುಳಿತರೆ ಹತ್ತು ಗಂಟೆ ಹೊಡೆಯುತ್ತದೆ. ಮಿರ್ಚಿ ಬಿಸಿ ಇರುವಾಗ ಚುರುಮುರಿ ಒಗ್ಗರಣೆಯ ಜೊತೆ ಮುರಿದುಕೊಂಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ.

ಹಿರಿಯರಿಗೆ ಪಿಂಚಣಿ ಇದ್ದರೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಜೀವಿತ ಪ್ರಮಾಣ ಪತ್ರ ಕೊಡಬೇಕು. "ನಾನು ಬದುಕಿದ್ದೇನೆ" ಎಂದು ತೋರಿಸುವ ಕಾಗದ ಅದು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇದಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸುವ ಅಗತ್ಯ ಈಗಿಲ್ಲ. ಕೇಂದ್ರದ ಪಿಂಚಣಿ ಅಥವಾ ಭವಿಷ್ಯನಿಧಿಯ ಪಿಂಚಣಿ ಇದ್ದವರಿಗೆ ನಿಮ್ಮ ಫೋನಿನಲ್ಲೇ ಆಗುತ್ತದೆ. ರಾಜ್ಯ ಸರ್ಕಾರದ ಪಿಂಚಣಿಯಾದರೆ ಬ್ಯಾಂಕಿನವರನ್ನು ಮೊದಲು ಒಂದು ಮಾತು ಕೇಳಿಕೊಳ್ಳಿ.

ಬೇಕಾದ್ದು ಆಧಾರ್ ಸಂಖ್ಯೆ, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆಯ ಸಂಖ್ಯೆ, ಮೊಬೈಲ್ ನಂಬರು ಮತ್ತು ಪಿಪಿಒ ಸಂಖ್ಯೆ. ಪಿಪಿಒ ಅಂದರೆ ಪಿಂಚಣಿ ಮಂಜೂರಾದಾಗ ಕೊಟ್ಟ ಆದೇಶಪತ್ರದ ನಂಬರು. ಪಾಸ್‌ಬುಕ್ಕಿನ ಮೊದಲ ಪುಟದಲ್ಲೂ ಸಿಗಬಹುದು. ಫೋನಿಗೆ ಎರಡು ಆ್ಯಪ್ ಹಾಕಿಕೊಳ್ಳಿ, ಒಂದು ಜೀವನ್ ಪ್ರಮಾಣ್, ಇನ್ನೊಂದು ಆಧಾರ್ ಫೇಸ್ ಆರ್‌ಡಿ. ಮೊದಲು ನಿಮ್ಮ ಆಧಾರ್ ಕೊಟ್ಟು ನೀವು ಆಪರೇಟರ್ ಆಗಬೇಕು. ಆಮೇಲೆ ಹಿರಿಯರ ವಿವರ ತುಂಬಿ ಅವರ ಮುಖ ಹಿಡಿಯಬೇಕು.

ತೊಂದರೆ ಎದುರಾಗುವುದು ಈ ಮುಖ ಹಿಡಿಯುವಾಗಲೇ. ಪಡಸಾಲೆಯ ಕತ್ತಲಲ್ಲಿ ಕೂರಿಸಬೇಡಿ. ಬಾಗಿಲಿನ ಎದುರು, ಬೆಳಕು ಮುಖದ ಮೇಲೆ ಬೀಳುವಂತೆ, ಹಿಂದೆ ಬರೀ ಗೋಡೆ ಇರುವಲ್ಲಿ ಕೂರಿಸಿ. ಕನ್ನಡಕ ತೆಗೆಸಿ, ಸೆರಗು ಹಣೆಯಿಂದ ಹಿಂದಕ್ಕೆ ಸರಿಯಲಿ. ಆ್ಯಪ್ ಕೇಳಿದಾಗ ಕಣ್ಣು ಮಿಟುಕಿಸಬೇಕು. ಇದನ್ನು ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ಫೋಟೊ ಎಂದುಕೊಂಡು ಕಣ್ಣು ಬಿಟ್ಟು ಕೂತಿರುತ್ತಾರೆ. ನಮ್ಮವ್ವನಿಗೆ ಬೆರಳಚ್ಚು ಎಂದೂ ಹತ್ತಿಲ್ಲ. ಐವತ್ತು ವರ್ಷ ರೊಟ್ಟಿ ಬಡಿದ ಅಂಗೈಯಲ್ಲಿ ಗೆರೆ ಎಲ್ಲಿ ಉಳಿದೀತು? ಮುಖಕ್ಕೆ ಮಾತ್ರ ಎರಡನೆಯ ಸಲಕ್ಕೆ ಹತ್ತಿತು. ಮುಗಿದ ಮೇಲೆ ಬರುವ ಪ್ರಮಾಣ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಫೋನಿನಲ್ಲಿರುವ ಸ್ಕ್ರೀನ್‌ಶಾಟ್ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಜೆಸ್ಕಾಂ ಕರೆಂಟು ಬಿಲ್ಲು, ಗ್ಯಾಸು, ಬಿಪಿ ಗುಳಿಗೆ, ಅವ್ವನ ಫೋನಿನಲ್ಲಿ ತುಂಬಿದ ಶುಭೋದಯದ ಚಿತ್ರಗಳು: ಇವೆಲ್ಲ ಅರ್ಧ ಗಂಟೆಯ ಕೆಲಸ. ಕುಳಿತಲ್ಲೇ ಮುಗಿಸಿ, ಹನ್ನೊಂದರೊಳಗೆ ಗಂಜಿಗೆ ಹೊರಡಿ.

3. ತೊಗರಿಬೇಳೆ

ವರ್ಷದ ಬೇಳೆ ಕೊಳ್ಳಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗಿ ಗಂಜಿಗೆ ಬರುತ್ತದೆ. ಹೊಸ ಮಾಲಿನ ಬೇಳೆ ಆಮೇಲೆ ಗಿರಣಿಯಿಂದ ಹೊರಬೀಳುತ್ತದೆ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಂದರೆ ಆ ಹೆಸರು ಈ ಸೀಮೆಯ ಮಾಲಿಗೆ ಮಾತ್ರ. ಆದರೆ ಕಲಬುರಗಿಯಲ್ಲಿ ಮಾರುವ ಬೇಳೆಯೆಲ್ಲ ಕಲಬುರಗಿಯದೇ ಎಂದು ತಿಳಿಯಬೇಡಿ. ಇಲ್ಲಿನ ಗಿರಣಿಗಳಿಗೆ ಹೊರಗಿನ ತೊಗರಿಯೂ ಬರುತ್ತದೆ. "ಇದು ಎಲ್ಲಿ ತೊಗರಿ ರೀ?" ಎಂದು ನೇರ ಕೇಳಿ. ಊರಿನ ವ್ಯಾಪಾರಿ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾನೆ, ಕೇಳಿದರೆ ಮಾತ್ರ.

ಎಲ್ಲಿ ಕೊಳ್ಳಬೇಕು? ನೆಹರು ಗಂಜಿನ ಹರಾಜಿನಲ್ಲಿ ನಾವು ನೀವು ಕೊಳ್ಳುವಂತಿಲ್ಲ. ಅಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಇಡೀ ತೊಗರಿಯ ಸೌದಾ. ಅದನ್ನು ನೋಡುವುದಕ್ಕೆ ಮಾತ್ರ ಹೋಗಿ. ಕೊಳ್ಳಲು ಎರಡು ದಾರಿ: ಚಿಲ್ಲರೆ ಕೊಡುವ ದಾಲ್‌ಮಿಲ್, ಅಥವಾ ಗಂಜ್ ಮತ್ತು ಕಿರಾಣಾ ಬಜಾರಿನ ಸಗಟು ಅಂಗಡಿ. ಎಲ್ಲ ಮಿಲ್ಲುಗಳೂ ಚಿಲ್ಲರೆ ಕೊಡುವುದಿಲ್ಲ, ಪರಿಚಯದವರ ಮೂಲಕ ಮೊದಲು ಫೋನ್ ಮಾಡಿಸಿ. ಭಾನುವಾರ ಗಂಜ್ ನೆಚ್ಚಿಕೊಳ್ಳಬೇಡಿ. ಇದಕ್ಕೇ ಬೇಳೆಯ ಕೆಲಸ ಶನಿವಾರಕ್ಕೆ ಎಂದದ್ದು.

ಅಂಗಡಿಯಲ್ಲಿ ನಿಮ್ಮ ಕಿವಿಗೆ ಎರಡು ಪದ ಬೀಳುತ್ತವೆ. "ಫಟಕಾ" ಅಂದರೆ ಸಿಪ್ಪೆ ಪೂರ್ತಿ ಹೋಗಿ ಅಂಚು ಮುರಿಯದ ಮೊದಲ ದರ್ಜೆಯ ಬೇಳೆ. "ಸವಾ ನಂಬರ್" ಅದಕ್ಕಿಂತ ಕೆಳಗಿನದು. ಮನೆಯ ಸಾರು, ಪಪ್ಪಿಗೆ ಸವಾ ನಂಬರೂ ನಡೆಯುತ್ತದೆ, ರುಚಿಯಲ್ಲಿ ಮೋಸವಿಲ್ಲ. ನೆಂಟರಿಗೆ ಕೊಡುವುದಿದ್ದರೆ ಫಟಕಾ ತೆಗೆದುಕೊಳ್ಳಿ.

ಈಗ ಪರೀಕ್ಷೆ. ಚೀಲದ ಬಾಯಿಂದ ಕಾಣುವ ಬೇಳೆ ಬಿಡಿ, ಮೊಣಕೈವರೆಗೆ ಕೈ ಹಾಕಿ ಒಳಗಿನಿಂದ ಒಂದು ಹಿಡಿ ತೆಗೆಯಿರಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಇಲ್ಲಿ ಎಲ್ಲರೂ ಹಾಗೇ ನೋಡುತ್ತಾರೆ. ಹಿಡಿಯಲ್ಲಿ ನೋಡಬೇಕಾದ್ದು ಇಷ್ಟು:

ಮೊದಲು ಮೈ. ಪಾಲಿಶ್ ಇಲ್ಲದ ಬೇಳೆ ಮಂಕಾಗಿರುತ್ತದೆ, ಅಂಗೈಗೆ ಸಣ್ಣ ಹಿಟ್ಟು ಅಂಟುತ್ತದೆ. ಎಣ್ಣೆಯದೋ ನೀರಿನದೋ ಪಾಲಿಶ್ ಕೊಟ್ಟ ಬೇಳೆ ಕನ್ನಡಿಯಂತೆ ಹೊಳೆಯುತ್ತದೆ. ಹೊಳಪಿಗೆ ರುಚಿಯಿಲ್ಲ, ಹಣ ಮಾತ್ರ ಹೆಚ್ಚು. ಬಿಳಿ ಕರವಸ್ತ್ರದಲ್ಲಿ ಒಂದಿಷ್ಟು ಬೇಳೆ ಗಟ್ಟಿಯಾಗಿ ತಿಕ್ಕಿ. ಬಟ್ಟೆಗೆ ಹಳದಿ ಹತ್ತಿದರೆ ಆ ಅಂಗಡಿಯಿಂದ ಇಳಿದು ಬನ್ನಿ. ಮನೆಯಲ್ಲಿದ್ದರೆ ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ, ಬಣ್ಣ ಹಾಕಿದ್ದರೆ ತಕ್ಷಣ ನೀರು ಹಳದಿಯಾಗುತ್ತದೆ.

ಆಮೇಲೆ ಆಕಾರ. ತೊಗರಿಬೇಳೆ ದುಂಡು, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಅದರ ನಡುವೆ ಮೂಲೆ ಇರುವ, ಒಂದು ಕಡೆ ಓರೆಯಾಗಿ ಬೆಣೆಯಂತೆ ಇಳಿದ ಕಾಳು ಕಂಡರೆ ಅದು ಕೇಸರಿ ಬೇಳೆ. ಅಗ್ಗದ ಬೇಳೆಯಲ್ಲಿ ಇದರ ಬೆರಕೆ ಹಳೆಯ ಕಾಯಿಲೆ. ಕೇಸರಿ ಬೇಳೆಯನ್ನು ಬಹುಕಾಲ ಹೆಚ್ಚಾಗಿ ತಿಂದವರಿಗೆ ಕಾಲು ಸೋತು ನಡೆಯಲಾಗದೆ ಹೋದದ್ದು ದಾಖಲಾಗಿದೆ. ಒಂದು ಕಾಳು ಸಿಕ್ಕರೂ ಆ ಚೀಲ ಬೇಡ.

ಕೊನೆಗೆ ಹಲ್ಲು. ಒಂದು ಬೇಳೆ ಕಚ್ಚಿ. ಕಟಕ್ ಎಂದು ಮುರಿದರೆ ಒಣಗಿದೆ. ಹಲ್ಲಿಗೆ ಮೆತ್ತಿಕೊಂಡರೆ ಹಸಿ ಇದೆ, ಎರಡು ತಿಂಗಳಲ್ಲಿ ಹುಳ. ಮಿಲ್ಲಿನಲ್ಲಿ ತೊಗರಿಗೆ ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಒಣಗಿಸಿ, ಆಮೇಲೆ ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಒಣಗಿಸುವುದರಲ್ಲಿ ಅವಸರ ಮಾಡಿದ ಮಾಲು ಹಲ್ಲಿಗೆ ಸಿಕ್ಕಿಬೀಳುತ್ತದೆ.

ಎಷ್ಟು ಕೊಳ್ಳಬೇಕು? ದಿನವೂ ಬೇಳೆ ಬೇಯುವ ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಮೂರು ಕಿಲೋ ಹಿಡಿಯಿರಿ. ಆದರೆ ಬೆಂಗಳೂರಿನ ಫ್ಲಾಟಿನಲ್ಲಿ ವರ್ಷದ ಬೇಳೆ ಒಟ್ಟಿಗೆ ಇಡುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ. ತಂಪು ಹವೆ, ಬಿಸಿಲಿಲ್ಲದ ಬಾಲ್ಕನಿ. 15 ಕಿಲೋ ಒಯ್ಯಿರಿ, ಉಳಿದದ್ದು ಊರ ಮನೆಯ ಡಬ್ಬಿಯಲ್ಲಿರಲಿ.

4. ಶನಿವಾರ ಮಧ್ಯಾಹ್ನ: ಬಿಸಿಲು, ಔಡಲೆಣ್ಣೆ, ಮತ್ತು ಬೇಯದ ಬೇಳೆಯ ಪ್ರಶ್ನೆ

ಕಲಬುರಗಿಯ ಬಿಸಿಲನ್ನು ಎಲ್ಲರೂ ಬಯ್ಯುತ್ತಾರೆ, ಈ ಒಂದು ಕೆಲಸಕ್ಕೆ ಅದು ದುಡ್ಡು ಕೊಟ್ಟರೂ ಬೇರೆ ಊರಲ್ಲಿ ಸಿಗದು. ಮಾಳಿಗೆಯ ಶಹಾಬಾದ್ ಪರಸಿ ಕಲ್ಲು ಕಾದಿರುತ್ತದೆ. ಅದರ ಮೇಲೆ ಹಳೆಯ ಧೋತರ ಹಾಸಿ, ಬೇಳೆಯನ್ನು ತೆಳುವಾಗಿ ಹರಡಿ. ಗಂಟೆಗೊಮ್ಮೆ ಕೈಯಾಡಿಸಿ. ಮೂರು ನಾಲ್ಕು ಗಂಟೆ ಸಾಕು. ಸಂಜೆ ಮಡಚುವ ಮುಂಚೆ ನೆರಳಿನಲ್ಲಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ, ಒಣಗಿಸಿದ್ದೆಲ್ಲ ನೀರಿನಲ್ಲಿ ಹೋಮ. ಮಳೆಗಾಲದಲ್ಲಿ ಬಂದವರು ಈ ಹಂತ ಬಿಟ್ಟು ಕಡಿಮೆ ಬೇಳೆ ಕೊಳ್ಳುವುದೇ ಮೇಲು.

ಆರಿದ ಬೇಳೆಗೆ ಕಿಲೋಗೆ ಒಂದು ಚಹಾ ಚಮಚದಷ್ಟು ಔಡಲೆಣ್ಣೆ, ಎಂದರೆ ಹರಳೆಣ್ಣೆ, ಅಂಗೈಗೆ ಹಚ್ಚಿಕೊಂಡು ಬೇಳೆ ಪೂರ್ತಿ ಸವರಿ. ನುಸಿ, ಹುಳಕ್ಕೆ ಆ ಎಣ್ಣೆಯ ಮೈ ಮೇಲೆ ಮೊಟ್ಟೆ ಹಚ್ಚಲು ಆಗುವುದಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಕಾಲ ಬಾಳುತ್ತದೆ ಎಂದುಕೊಂಡು ಬಟ್ಟಲುಗಟ್ಟಲೆ ಸುರಿಯಬೇಡಿ. ಔಡಲೆಣ್ಣೆ ಹೊಟ್ಟೆಗೆ ಏನು ಮಾಡುತ್ತದೆ ಎಂದು ಗೊತ್ತೇ ಇದೆ. ಅಡುಗೆಗೆ ಮುಂಚೆ ಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆಯಿರಿ. ಎಣ್ಣೆ ಬೇಡವೆಂದರೆ ಚೆನ್ನಾಗಿ ಒಣಗಿದ ಬೇವಿನ ಎಲೆ ಪದರ ಪದರವಾಗಿ ಹಾಕಿ. ಹಸಿ ಎಲೆ ಹಾಕಿದವರ ಬೇಳೆಗೆ ಬೂಷ್ಟು ಬಂದದ್ದು ನೋಡಿದ್ದೇನೆ.

ಇನ್ನು ಆ ಹಳೆಯ ದೂರು: ಊರಲ್ಲಿ ಮೂರು ಸೀಟಿಗೆ ಬೆಣ್ಣೆಯಾಗುವ ಬೇಳೆ ಬೆಂಗಳೂರಿನಲ್ಲಿ ಆರು ಸೀಟಿಗೂ ಕಾಳು ಕಾಳಾಗಿ ಉಳಿಯುತ್ತದೆ. ಅಂಗಡಿಯವನನ್ನು ಬಯ್ಯುವ ಮೊದಲು ನಿಮ್ಮ ನಲ್ಲಿ ನೀರು ನೋಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದಂಶ ಬೇಳೆಯ ಒಳಗಿನ ಅಂಟನ್ನು ಬಿಗಿಹಿಡಿಯುತ್ತದೆ, ಬೇಳೆ ಕರಗುವುದಿಲ್ಲ. ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ ನೋಡಿ, ಅರ್ಧ ಜನರ ದೂರು ಅಲ್ಲಿಗೆ ಮುಗಿಯುತ್ತದೆ. ಊರಿನ ನೀರೂ ಎಲ್ಲ ಬಡಾವಣೆಯಲ್ಲಿ ಸಿಹಿಯಲ್ಲ, ಆದ್ದರಿಂದ ನಮೂನೆಯ ಪರೀಕ್ಷೆಯನ್ನೂ ಕುಡಿಯುವ ನೀರಿನಲ್ಲೇ ಮಾಡಿಸಿ. ಎರಡನೆಯ ತಪ್ಪು, ಹುಣಸೆ ಅಥವಾ ಟೊಮೆಟೊವನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕುವುದು. ಹುಳಿ ಬಿದ್ದರೆ ಬೇಳೆ ಬೇಯಲು ಹಟ ಹಿಡಿಯುತ್ತದೆ. ಬೆಂದ ಮೇಲೆ ಹಾಕಿ. ಅರ್ಧ ಗಂಟೆ ನೆನೆಹಾಕಿದರೆ ಇನ್ನೂ ಸಲೀಸು. ಇಷ್ಟಾದರೂ ಬೇಯದಿದ್ದರೆ ಬೇಳೆ ಹಳೆಯದು, ಆಗ ಬಯ್ಯಬಹುದು.

5. ಬಿಳಿಜೋಳ ಮತ್ತು ರೊಟ್ಟಿ

ಬೇಳೆ ಒಣಗುತ್ತಿರುವಾಗ ಜೋಳದ ಕೆಲಸ. ರೊಟ್ಟಿಗೆ ಬೇಕಾದ್ದು ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ. ಬೀಜದ ಚೀಟಿಯಲ್ಲಿ ಎಂ 35-1 ಎಂದು ಬರೆದಿರುವುದು ಇದೇ ತಳಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ-ಮಾರ್ಚಿನಲ್ಲಿ ರಾಶಿಯಾಗುತ್ತದೆ. ಕಾಳು ದಪ್ಪ, ದುಂಡು, ಮುತ್ತಿನ ಬಣ್ಣ. ಮುಂಗಾರಿ ಹೈಬ್ರಿಡ್ ಜೋಳ ಮಳೆಗೆ ಸಿಕ್ಕಿ ಕಪ್ಪು ಚುಕ್ಕೆ ಹಿಡಿದಿರುತ್ತದೆ, ಅದರ ಹಿಟ್ಟು ಬಡಿಯುವಾಗ ಅಂಚು ಒಡೆಯುತ್ತದೆ. ರೊಟ್ಟಿ ಕೆಟ್ಟಿತೆಂದು ಸೊಸೆಯನ್ನು ಅನ್ನುವ ಮನೆಗಳಲ್ಲಿ ಹತ್ತಕ್ಕೆ ಆರು ಸಲ ತಪ್ಪು ಜೋಳದ್ದು.

ಹಿಟ್ಟು ಮಾಡಿಸಿಕೊಂಡು ಹೋಗಬೇಡಿ, ಕಾಳು ಒಯ್ಯಿರಿ. ಜೋಳದ ಹಿಟ್ಟು ಕೆಲವೇ ವಾರದಲ್ಲಿ ಕಹಿಯಾಗುತ್ತದೆ. ಅದರ ಜಿಗುಟೂ ಹೋಗಿ ರೊಟ್ಟಿ ಅಂಗೈ ಮೇಲೇ ಬಿರಿಯುತ್ತದೆ. ಹದಿನೈದು ದಿನಕ್ಕೆ ಸಾಕಾಗುವ ಎರಡು ಮೂರು ಕಿಲೋ ಮಾತ್ರ ಊರ ಗಿರಣಿಯಲ್ಲಿ ಬೀಸಿಸಿ. ಗಿರಣಿಯವನಿಗೆ "ಜ್ವಾಳದ ಮ್ಯಾಲೆ ಹಾಕ್ರಿ" ಎನ್ನಿ. ಹಿಂದೆ ಬೀಸಿದ್ದು ಜೋಳವೇ ಆಗಿರಲಿ, ಗೋಧಿಯೋ ಖಾರವೋ ಬೇಡ ಎಂಬುದು ಅದರ ಅರ್ಥ. ಬಿಸಿ ಹಿಟ್ಟನ್ನು ಪ್ಲಾಸ್ಟಿಕ್ಕಿಗೆ ತುಂಬದೆ ಹರಿವಾಣದಲ್ಲಿ ಆರಿಸಿ.

ರೊಟ್ಟಿ ಬಡಿಯಲು ಬಾರದವರು ನಾಚಿಕೊಳ್ಳಬೇಕಾಗಿಲ್ಲ. ಕಟಕ ರೊಟ್ಟಿ, ಎಂದರೆ ಒಣಗಿದ ಗರಿಗರಿ ರೊಟ್ಟಿ, ಮಾಡಿ ಮಾರುವ ಮನೆಗಳು, ಮಹಿಳಾ ಸ್ವಸಹಾಯ ಸಂಘಗಳು ಬಡಾವಣೆಗೊಂದು ಇವೆ. ಶನಿವಾರ ಬೆಳಗ್ಗೆಯೇ ಹೇಳಿಟ್ಟರೆ ಭಾನುವಾರ ಮಧ್ಯಾಹ್ನಕ್ಕೆ ಸಿಗುತ್ತದೆ. ಹೇಳದೇ ಹೋದರೆ ಹಿಂದಿನ ದಿನಗಳ ಉಳಿಕೆ ಕೈಗೆ ಬರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಿಂಡಿ ಅಂದರೆ ಚಟ್ನಿಪುಡಿ. ಅಂಗಡಿಯದಕ್ಕಿಂತ ಮನೆಯಲ್ಲಿ ಕುಟ್ಟಿದ್ದು ಮೇಲು ಎಂದು ಹೇಳಬೇಕಾಗಿಲ್ಲ, ಆದರೆ ಅವ್ವನ ಮೊಣಕೈ ನೋವು ಕೇಳಿಕೊಂಡು ಹೇಳಿ.

6. ಶನಿವಾರ ಸಂಜೆ: ನೆಂಟರು

ಕಾಕಾನ ಮನೆ, ಅತ್ತಿ ಮನೆ, ಹಳೆಯ ಓಣಿಯ ಮಂದಿ. ಒಬ್ಬೊಬ್ಬರ ಮನೆಗೆ ಹೋಗಲು ಕುಳಿತರೆ ಭಾನುವಾರ ರಾತ್ರಿಯಾದರೂ ಮುಗಿಯದು. ಒಂದು ಮನೆಗೆ ಹೋಗಿ ಇನ್ನೊಂದು ಬಿಟ್ಟರಂತೂ ವರ್ಷದ ಮಾತು. ಎಲ್ಲರನ್ನೂ ಸಂಜೆ ಆರಕ್ಕೆ ನಿಮ್ಮ ಮನೆಗೇ ಕರೆಯಿರಿ. ಒಂದು ಕಿಲೋ ಮಾಲ್‌ಪುರಿ, ಒಂದು ಕೆಟ್ಲಿ ಚಹಾ. ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ ಅವರೊಬ್ಬರ ಮನೆಗೆ ನೀವೇ ಹೋಗಿ ಬನ್ನಿ.

ಪ್ರಶ್ನೆಗಳಿಗೆ ತಯಾರಾಗಿರಿ. "ಪಗಾರ ಎಷ್ಟ ಬರ್ತದ?" "ಮನಿ ತಗೊಂಡೆಪ್ಪಾ ಇಲ್ಲೇನ?" "ಮದ್ವಿ ಯಾವಾಗ?" ಮುಖ ಗಂಟಿಕ್ಕಬೇಡಿ, ಅಂಕಿಯನ್ನೂ ಹೇಳಬೇಡಿ. "ನಡೀಲತ್ತದ ಕಾಕಾ, ನಿಮ್ಮ ಮಂಡಿ ನೋವ ಹೆಂಗ ಅದ?" ಎಂದು ತಿರುಗಿಸಿದರೆ ಮಾತು ಮಂಡಿ ನೋವಿನ ಮೇಲೆ ಅರ್ಧ ಗಂಟೆ ನಿಲ್ಲುತ್ತದೆ. ನೌಕರಿ ಬದಲಾವಣೆ, ಮನೆ ಸಾಲದಂಥ ದೊಡ್ಡ ಸುದ್ದಿ ಏನಾದರೂ ಇದ್ದರೆ ಅದನ್ನು ಶುಕ್ರವಾರವೇ ಅವ್ವನಿಗೆ ಹೇಳಿರಿ. ಹತ್ತು ಜನರ ನಡುವೆ ಮೊದಲ ಸಲ ಕೇಳಿದರೆ ಅವಳಿಗೆ ನೋವಾಗುತ್ತದೆ.

7. ಭಾನುವಾರ: ಗಾಣಗಾಪುರ

ತಿರುಗಾಟಕ್ಕೆ ಬೀದರ್ ಕೋಟೆ, ಬಸವಕಲ್ಯಾಣ ಎಂದೆಲ್ಲ ಆಸೆಯಾಗುತ್ತದೆ. ಕಲಬುರಗಿ–ಬೀದರ್ ರೈಲು 2017ರಿಂದ ಓಡುತ್ತಿದೆ, ಮನಸ್ಸೂ ಎಳೆಯುತ್ತದೆ. ಆದರೆ ರಾತ್ರಿ ಗಾಡಿ ಹಿಡಿಯುವ ದಿನ ಸುಮಾರು 110 ಕಿಲೋಮೀಟರ್ ದೂರದ ಊರು ಬೇಡ. ಬೀದರಿಗೆ ಒಂದು ಇಡೀ ದಿನ ಬೇರೆ ಇಡಿ. ಅರ್ಧ ದಿನಕ್ಕೆ ಸರಿಹೊಂದುವುದು ದೇವಲ ಗಾಣಗಾಪುರ. ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆ ಇರುವ ದತ್ತ ಕ್ಷೇತ್ರ. ಅಫಜಲಪುರ ತಾಲ್ಲೂಕು, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್.

ಮೊದಲ ಎಚ್ಚರಿಕೆ, ಇದು ವರ್ಷಕ್ಕೆ ನಾಲ್ಕು ಜನರಿಗಾದರೂ ಆಗುವ ಫಜೀತಿ. "ಗಾಣಗಾಪುರ ರೋಡ್" ಎಂಬ ರೈಲು ನಿಲ್ದಾಣದಲ್ಲಿ ಇಳಿದು ಗುಡಿ ಎಲ್ಲಿ ಎಂದು ಕೇಳುತ್ತಾರೆ. ಗುಡಿ ಅಲ್ಲಿಂದ ಇನ್ನೂ 20 ಕಿಲೋಮೀಟರಿಗೂ ಮೇಲೆ. ಕಲಬುರಗಿಯಿಂದ ಹೋಗುವವರಿಗೆ ರೈಲಿನ ಗೊಡವೆಯೇ ಬೇಡ, ಕೇಂದ್ರ ಬಸ್ ನಿಲ್ದಾಣದಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ನೇರ ಬಸ್ಸು ಹಿಡಿಯಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಸೊಲ್ಲಾಪುರದ ಅಕ್ಕನ ಆಧಾರ್ ನಡೆಯುವುದಿಲ್ಲ.

ಬೆಳಗ್ಗೆ ಆರಕ್ಕೆ ಮನೆ ಬಿಡಿ. ಹುಣ್ಣಿಮೆ ಅಥವಾ ದತ್ತ ಜಯಂತಿಯ ಆಸುಪಾಸಿನ ಭಾನುವಾರವಾದರೆ ಹೋಗಲೇಬೇಡಿ, ಸಾಲಿನಲ್ಲೇ ಮಧ್ಯಾಹ್ನವಾಗುತ್ತದೆ. ಬಹಳ ಜನ ಮೊದಲು ಭೀಮಾ-ಅಮರ್ಜಾ ಸಂಗಮಕ್ಕೆ ಹೋಗಿ ಮಿಂದು ಆಮೇಲೆ ಗುಡಿಗೆ ಬರುತ್ತಾರೆ. ಸಂಗಮ ಗುಡಿಯಿಂದ ಮೂರು ಕಿಲೋಮೀಟರ್ ಆಚೆ, ಆಟೋ ಸಿಗುತ್ತವೆ. ಹತ್ತುವ ಮೊದಲೇ ಹೋಗಿಬರುವ ಬಾಡಿಗೆ ಮಾತಾಡಿ. ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ಹಿರಿಯರು ನೀರಿಗೆ ಇಳಿಯುವುದು ಬೇಡ, ತಂಬಿಗೆಯಲ್ಲಿ ನೀರು ತಂದು ತಲೆಗೆ ಹಾಕಿದರೆ ಆಯಿತು. ಮಳೆಗಾಲದಲ್ಲಿ ಭೀಮಾ ತುಂಬಿದ್ದರೆ ದಡದಲ್ಲೇ ಕೈಮುಗಿಯಿರಿ.

ಇಲ್ಲಿ ಮಧ್ಯಾಹ್ನ ಮಧುಕರಿ ಎಂಬ ಪದ್ಧತಿ ಇದೆ. ಭಕ್ತರು ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡಿ ಉಣ್ಣುವುದು. ದತ್ತನೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಕೋಟು ಬೂಟಿನವರೂ ಜೋಳಿಗೆ ಹಿಡಿದು ನಿಲ್ಲುತ್ತಾರೆ, ನೀವೂ ಸಂಕೋಚ ಬಿಡಿ. ಹನ್ನೆರಡರ ಸುಮಾರಿಗೆ ಒಂದು ತಾಟು ಅಥವಾ ಡಬ್ಬಿ ಜೊತೆಗಿರಲಿ. ಎರಡು ಗಂಟೆಯ ಒಳಗೆ ವಾಪಸು ಬಸ್ಸು ಹತ್ತಿಬಿಡಿ.

ಹಿರಿಯರಿಗೆ ಬಸ್ಸಿನ ಕುಲುಕಾಟ ಆಗದು ಎಂದರೆ ಊರಲ್ಲೇ ಸಾಕಷ್ಟಿದೆ. ಬೆಳಗ್ಗೆ ಕೋಟೆ. ಒಳಗಿನ 1367ರ ಜಾಮಿ ಮಸೀದಿಗೆ ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಬಿಸಿಲಿನಲ್ಲೂ ಕಮಾನುಗಳ ಕೆಳಗೆ ತಣ್ಣಗೆ ಕೂರಬಹುದು. ಸಂಜೆಯಾದರೆ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆಯ ದಂಡೆ. ಮಾರ್ಚ್‌ನಿಂದ ಮೇವರೆಗೆ ಎಲ್ಲಿಗೇ ಹೋದರೂ ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿರಿ.

8. ಗಂಟು ಕಟ್ಟುವುದು

ರೈಲಿನಲ್ಲಿ ಒಬ್ಬರಿಗೆ ಸ್ಲೀಪರಿನಲ್ಲೂ ಮೂರನೆಯ ದರ್ಜೆ ಎಸಿಯಲ್ಲೂ 40 ಕಿಲೋ, ಎರಡನೆಯ ದರ್ಜೆ ಎಸಿಯಲ್ಲಿ 50 ಕಿಲೋ ಲಗೇಜು ಬಿಟ್ಟಿ. 15 ಕಿಲೋ ಬೇಳೆ, 10 ಕಿಲೋ ಜೋಳ, 3 ಕಿಲೋ ಹಿಟ್ಟು, ರೊಟ್ಟಿ, ಬಟ್ಟೆ ಎಲ್ಲ ಸೇರಿ ಸುಮಾರು 35 ಆಗುತ್ತದೆ. ನಿಯಮಕ್ಕೆ ಸರಿ, ಸೊಂಟಕ್ಕೆ ಸರಿಯೋ ನೋಡಿಕೊಳ್ಳಿ. ಒಂದೇ ದೊಡ್ಡ ಚೀಲ ಕಟ್ಟಬೇಡಿ. ಏಳೆಂಟು ಕಿಲೋದ ಸಣ್ಣ ಬಟ್ಟೆಚೀಲಗಳಾದರೆ ಬರ್ತಿನ ಕೆಳಗೆ ಹಿಡಿಯುತ್ತವೆ, ಮೆಟ್ಟಿಲು ಹತ್ತುವಾಗ ಎರಡು ಕೈಗೂ ಸಮ. ಹೆಚ್ಚು ಮಾಲಿದ್ದರೆ ಬಸ್ ನಿಲ್ದಾಣದಲ್ಲಿರುವ "ನಮ್ಮ ಕಾರ್ಗೋ" ಎಂಬ ಸಾರಿಗೆ ಬಸ್ಸಿನ ಪಾರ್ಸಲ್ ಸೇವೆಯಲ್ಲಿ ಹಾಕಿ, ಬೆಂಗಳೂರಿನಲ್ಲಿ ಬಿಡಿಸಿಕೊಳ್ಳಿ. ಚೀಲದ ಮೇಲೆ ಹೆಸರು, ಫೋನ್ ನಂಬರನ್ನು ಚೀಟಿಯಲ್ಲಿ ಅಂಟಿಸಬೇಡಿ, ಕಿತ್ತು ಹೋಗುತ್ತದೆ. ಮಾರ್ಕರ್ ಪೆನ್ನಿನಲ್ಲಿ ಬಟ್ಟೆಯ ಮೇಲೇ ಬರೆಯಿರಿ.

ಕಟಕ ರೊಟ್ಟಿ ಮುರಿಯದಂತೆ ಒಯ್ಯಲು ಅಗಲವಾದ ಸ್ಟೀಲ್ ಡಬ್ಬಿ ಬೇಕು. ಅದಿಲ್ಲದಿದ್ದರೆ ರೊಟ್ಟಿಯ ಅಡಿಗೊಂದು, ಮೇಲೊಂದು ಊಟದ ತಾಟು ಇಟ್ಟು ಪಂಚೆಯಲ್ಲಿ ಬಿಗಿದು ಕಟ್ಟಿ. ನಮ್ಮಜ್ಜಿ ಹೀಗೆ ಕಟ್ಟಿದ ರೊಟ್ಟಿ ಸೊಲ್ಲಾಪುರದವರೆಗೂ ಒಂದೂ ಮುರಿಯದೆ ಹೋಗುತ್ತಿತ್ತು. ಹಿಂಡಿಯ ಡಬ್ಬಿಗೆ ಎಣ್ಣೆ ಬಿಡುವ ಚಾಳಿ, ಅದಕ್ಕೆ ಬೇರೆ ಕವರ್. ದಾರಿಗೆ ಕಮಲಾಪುರದ ಕೆಂಪು ಬಾಳೆ ಕೊಂಡಿದ್ದರೆ ಅದನ್ನು ಬೇಳೆಯ ಚೀಲದ ಜೊತೆ ಹಾಕಬೇಡಿ, ಕೈಯಲ್ಲೇ ಹಿಡಿಯಿರಿ.

ಬೆಂಗಳೂರಿಗೆ ಇಳಿದ ದಿನ ಸುಸ್ತೆಂದು ಚೀಲಗಳನ್ನು ಬಾಗಿಲ ಹಿಂದೆ ನಿಲ್ಲಿಸಿ ಆಫೀಸಿಗೆ ಓಡುವವರೇ ಹೆಚ್ಚು. ಆ ಸಂಜೆಯೇ ಬೇಳೆ, ಜೋಳ ಬಿಚ್ಚಿ ಒಣ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತಿಂಗಳು ಬರೆಯಿರಿ. ಹಿಟ್ಟು ಫ್ರಿಜ್ಜಿಗೆ. ಆಮೇಲೆ ಊರಿಗೆ ಒಂದು ಫೋನ್ ಮಾಡಿ. "ಮುಟ್ಟಿದಿ ಏನಪಾ?" ಎಂದು ಕೇಳಲು ಅವರು ಬೆಳಗ್ಗಿನಿಂದ ಫೋನು ಕೈಯಲ್ಲೇ ಹಿಡಿದು ಕೂತಿರುತ್ತಾರೆ.